ಹೆಸರಿಲ್ಲದವನ ಎಡೆ

ಮರಿಯಪ್ಪನವರು ನೆದರ್ಲೆಂಡ್ಸ್‌ನ ಜೂಟರ್‌ಮೀರ್‌ಗೆ ಬಂದದ್ದು ಮಗನ ಮನೆಯಲ್ಲಿ ಎರಡು ತಿಂಗಳಿದ್ದು, ಟ್ಯುಲಿಪ್ ತೋಟ ನೋಡಿಕೊಂಡು ಹೋಗಲು. ಹೂ ಅರಳುವ ಹೊತ್ತಿಗೆ ತೋಟಕ್ಕೆ ಬೀಗ ಬಿತ್ತು. ಆಮೇಲೆ ಶಾಲೆಗೆ, ಆಫೀಸಿಗೆ, ಕೊನೆಗೆ ವಿಮಾನಕ್ಕೂ. 2020ರ ಮಾರ್ಚ್ ಅದು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಮೊದಮೊದಲು ನಗುನಗುತ್ತಲೇ ಹೇಳುತ್ತಿದ್ದರು. ಬರಬರುತ್ತ ಹೇಳುವುದನ್ನೂ ಬಿಟ್ಟರು. ಕೇಳಿಸಿಕೊಳ್ಳುವವರಿಗೆಲ್ಲ ಕಿವಿಯಲ್ಲಿ ಹೆಡ್‌ಫೋನ್ ಇತ್ತು.

ಮನೆ ಮೂರು ಅಂತಸ್ತಿನದು, ಅಗಲ ಮಾತ್ರ ಎತ್ತಿನಗಾಡಿ ನಿಲ್ಲಿಸುವಷ್ಟು. ಮೇಲಿನ ಅಟ್ಟದಲ್ಲಿ ಮಗ ಸಂದೀಪ ರಾಟರ್‌ಡ್ಯಾಮಿನ ಹಡಗು ಕಂಪನಿಯೊಂದರ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಕೆಳಗೆ ಊಟದ ಮೇಜಿಗೆ ಎರಡು ಪರದೆ ಜೋಡಿಸಿಕೊಂಡು ಸೊಸೆ ಮೈಥಿಲಿ ಬ್ಯಾಂಕಿನ ಕೆಲಸ ನೋಡುತ್ತಿದ್ದಳು. ನಡುವಿನ ಅಂತಸ್ತಿನ ಒಂದು ಕೋಣೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗಳು ಸ್ಮೃತಿಗೆ ಡಚ್ ಪಾಠ. ಪಕ್ಕದ ಕಿರುಕೋಣೆಯಲ್ಲಿ ಇಸ್ತ್ರಿ ಮಣೆ ಮತ್ತು ಖಾಲಿ ಸೂಟ್‌ಕೇಸುಗಳ ಜೊತೆ ಮರಿಯಪ್ಪನವರು.

ಮೈಥಿಲಿ ಕೆಟ್ಟವಳಲ್ಲ. ಬೆಳಿಗ್ಗೆಯೇ ಅನ್ನ, ಸಾರು, ಪಲ್ಯ ಮಾಡಿ ಮುಚ್ಚಿಡುತ್ತಿದ್ದಳು.

"ಮಾವ, ಹಸಿವಾದಾಗ ಬಡಿಸ್ಕೊಳ್ಳಿ. ನಂಗೆ ಹನ್ನೆರಡರಿಂದ ಕಾಲ್ ಇದೆ. ಆ ಟೈಮಲ್ಲಿ ಮೈಕ್ರೋವೇವ್ ಮಾತ್ರ ಆನ್ ಮಾಡ್ಬೇಡಿ, ಬೀಪ್ ಬೀಪ್ ಅನ್ನುತ್ತೆ, ಎಲ್ರಿಗೂ ಕೇಳ್ಸುತ್ತೆ."

ಹಾಗಾಗಿ ತಣ್ಣಗಿನ ಸಾರು. ಒಬ್ಬೊಬ್ಬರದು ಒಂದೊಂದು ಹೊತ್ತಿನ ಊಟ. ಸಂದೀಪ ತಟ್ಟೆ ಹಿಡಿದು ಅಟ್ಟ ಹತ್ತುತ್ತಿದ್ದ, ಸ್ಮೃತಿ ಬ್ರೆಡ್ಡಿಗೆ ಚಾಕಲೇಟ್ ಹರಳು ಉದುರಿಸಿಕೊಂಡು ತಿಂದು ಮುಗಿಸುತ್ತಿದ್ದಳು. ಮೂವತ್ನಾಲ್ಕು ವರ್ಷ ಕೆಇಬಿಯಲ್ಲಿ ಗಂಟಲು ಹರಿಯುವಂತೆ ಮಾತಾಡಿ ಜೂನಿಯರ್ ಇಂಜಿನಿಯರಾಗಿ ನಿವೃತ್ತರಾದ ಮನುಷ್ಯ, ಈಗ ಕೆಮ್ಮು ಬಂದರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೈಸೂರಿನ ಮನೆಯಲ್ಲಿ ಒಂಟಿಯಾಗಿಯೇ ಇದ್ದವರು ಅವರು. ಆದರೆ ಜನರಿಲ್ಲದ ಮನೆಯ ಒಂಟಿತನ ಬೇರೆ, ಮನೆ ತುಂಬ ಜನ ಇದ್ದೂ ಒಂಟಿಯಾಗಿರುವುದು ಬೇರೆ. ಎರಡನೆಯದನ್ನು ಅವರು ಅಲ್ಲಿ ಕಲಿತರು.

ಏಪ್ರಿಲ್‌ನಲ್ಲಿ ಸ್ಮೃತಿ ಬಾಗಿಲು ತಟ್ಟಿದಳು. ಶಾಲೆಯಲ್ಲಿ ಸ್ಟಾಮ್‌ಬೋಮ್ ಬರೆಯಲು ಕೊಟ್ಟಿದ್ದರು, ಅಂದರೆ ವಂಶವೃಕ್ಷ.

"ತಾತ, ನಂಗೆ ನೇಮ್ಸ್ ಬೇಕು. ನಿಮ್ಮ ಡ್ಯಾಡ್, ಅವರ ಡ್ಯಾಡ್, ಆಲ್ ದ ವೇ ಅಪ್."

ಮರಿಯಪ್ಪನವರಿಗೆ ಹಬ್ಬ ಬಂದಂತಾಯಿತು. ಅಪ್ಪ ಕಾಳಯ್ಯ, ತಾತ ಮರಿಯಪ್ಪ, ಮುತ್ತಾತ ಇನ್ನೊಬ್ಬ ಕಾಳಯ್ಯ. ಅಮ್ಮ ಚೆನ್ನಾಜಮ್ಮ, ಅಮ್ಮನ ಅಮ್ಮ ಹೊನ್ನಮ್ಮ.

"ಹೊನ್ನಮ್ಮಾಸ್ ಹಸ್ಬೆಂಡ್?"

"ಗೊತ್ತಿಲ್ಲ ಮಗ."

"ಹೌ ಕ್ಯಾನ್ ಯು ನಾಟ್ ನೋ, ತಾತ?"

ಗೊತ್ತಿಲ್ಲದ್ದಕ್ಕೆ ಕಾರಣ ಇತ್ತು. ಅವನು ಸ್ಕಾಟ್ಲೆಂಡಿನವನು. ನೂರು ವರ್ಷದ ಹಿಂದೆ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಹೊಸ ಯಂತ್ರ ಕೂಡಿಸಲು ಬಂದ ಫಿಟ್ಟರ್. ಹೊನ್ನಮ್ಮ ಕೆಲಸದವರಿಗೆ ರೊಟ್ಟಿ ಹೊರುತ್ತಿದ್ದವಳು. ಎರಡೋ ಮೂರೋ ವರ್ಷ ಜೊತೆಗಿದ್ದರು. ಮಗಳು ಅಂಬೆಗಾಲಿಡುವಾಗ ಅವನು ಚಳಿಜ್ವರ ಬಂದು ಸತ್ತ. ಊರವರಿಗೆ ಅವನು ಬರೀ ದೊರೆ. ಹೆಸರು ಗೊತ್ತಿದ್ದವಳು ಹೊನ್ನಮ್ಮ ಒಬ್ಬಳೇ, ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದೆಂದು ಅವಳು ಸಾಯುವವರೆಗೂ ಹೇಳಲಿಲ್ಲ.

ಮಳವಳ್ಳಿಯ ಮರಿಯಪ್ಪನವರ ಹುಟ್ಟುಮನೆಯಲ್ಲಿ ಪಿತೃಪಕ್ಷ ಬಂತೆಂದರೆ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೇ ಬಡಿಸುತ್ತಾರೆ. ಮುದ್ದೆ, ಬಾಡಿನ ಸಾರು, ವಡೆ, ಒಬ್ಬರಿಗೆ ಬೀಡಿ, ಇನ್ನೊಬ್ಬರಿಗೆ ನಶ್ಯ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲೆಳೆದುಕೊಂಡು ಎಲ್ಲರೂ ಆಚೆ ಬರುತ್ತಾರೆ. ಹಿರಿಯರು ಉಣ್ಣುವಾಗ ನೋಡಬಾರದು. ಆ ಸಾಲಿನ ಕೊನೆಗೆ ಚೆನ್ನಾಜಮ್ಮ ಪ್ರತಿವರ್ಷ ಇನ್ನೊಂದು ಎಲೆ ಹಾಕುತ್ತಿದ್ದಳು. ತನ್ನಪ್ಪನಿಗೆ. ಎಲೆಯ ಪಕ್ಕ ಕಾಲು ಬಾಟಲಿ ಬ್ರಾಂದಿ ಇಟ್ಟು, "ಅಪ್ಪಾ, ಬಾ" ಎನ್ನುತ್ತಿದ್ದಳು, ಅಷ್ಟೆ.

ಅವಳು ಸತ್ತ ವರ್ಷದಿಂದ ಆ ಎಲೆ ನಿಂತಿತ್ತು. ನಿಲ್ಲಿಸಿದವನು ಮರಿಯಪ್ಪನವರ ತಮ್ಮ ಬಸವಂತಪ್ಪ. ಮಳವಳ್ಳಿಯ ಮನೆಯಲ್ಲಿ ಇರುವವನು ಅವನೇ, ಎಡೆ ಇಡುವವನೂ ಅವನೇ. "ಅವ್ವನಿಗಾದ್ರೆ ಅಪ್ಪ. ಅಪ್ಪಾ ಅಂದ್ರೆ ಬಂದಾನು. ನಾವು ಏನಂತ ಕರಿಯದು? ಹೆಸ್ರಿಲ್ದೆ ಕರುದ್ರೆ ದಾರೀಲಿ ಹೋಗೋರೆಲ್ಲ ಬಂದು ಕೂತ್ಕತರೆ ಕನಣ್ಣ" ಎಂದಿದ್ದ. ಆದರೆ ಪ್ರತಿವರ್ಷ ಆ ಸಾಲು ನೋಡುವಾಗ, ಅಮ್ಮನ ಎಲೆಯ ಪಕ್ಕದ ಜಾಗ ಖಾಲಿ ಇದ್ದದ್ದು ಮರಿಯಪ್ಪನವರಿಗೆ ತುತ್ತು ಇಳಿಯದಂತೆ ಮಾಡುತ್ತಿತ್ತು.

"ಹೆಸರು ಸಿಕ್ಕಿದರೆ?" ಎಂದು ಈಗ ಅವರು ತಮಗೆ ತಾವೇ ಕೇಳಿಕೊಂಡರು. ಸ್ಮೃತಿ ಆಗಲೇ ಹುಡುಕಲು ಶುರು ಮಾಡಿದ್ದಳು.

ಸ್ಕಾಟ್ಲೆಂಡಿನಲ್ಲಿ ಊರೂರಿಗೂ ವಂಶಾವಳಿ ಸಂಘಗಳಿವೆಯಂತೆ. ನಿವೃತ್ತರಾದ ಮೇಷ್ಟರು, ಪೋಸ್ಟ್ ಮಾಸ್ತರರು ಸೇರಿಕೊಂಡು ಚರ್ಚಿನ ಪುಸ್ತಕ, ಗೋರಿಕಲ್ಲು, ಹಳೇ ಕಂದಾಯದ ಪಟ್ಟಿಗಳನ್ನು ನಕಲು ಮಾಡಿ ಇಟ್ಟಿರುತ್ತಾರೆ. ಮರಿಯಪ್ಪನವರು ನಾಲ್ಕು ಸಂಘಗಳಿಗೆ ಮೇಲ್ ಬರೆದರು. ಮೂರರಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂತು. ಉತ್ತರದ ಸಮುದ್ರದಂಚಿನ ವಿಕ್ ಎಂಬ ಊರಿನಿಂದ ಮಾತ್ರ ಇಸಬೆಲ್ ಮ್ಯಾನ್ಸನ್ ಎಂಬಾಕೆ, "ನನಗೀಗ ಮಾಡಲು ಬೇರೆ ಕೆಲಸವಿಲ್ಲ. ಎಲ್ಲ ಹೇಳಿ" ಎಂದು ಬರೆದಳು.

ಆಕೆಗೆ ಎಂಬತ್ತೊಂದು ವರ್ಷ. ಗಂಡ ಇಲ್ಲ, ಮಗಳು ನ್ಯೂಜಿಲೆಂಡಿನಲ್ಲಿ. ಬುಧವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮುಖ ತೋರಿಸಿಕೊಂಡು ಇಬ್ಬರೂ ಮಾತಿಗೆ ಕೂರುತ್ತಿದ್ದರು. ಅವಳ ಇಂಗ್ಲಿಷ್ ಇವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಇವರದು ಅವಳಿಗೆ. ಆದ್ದರಿಂದ ಇಬ್ಬರೂ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಮಾವ, ಪ್ಲೀಸ್," ಎಂದು ಮೈಥಿಲಿ ಮೆಟ್ಟಿಲು ಹತ್ತಿ ಬಂದಳು ಒಂದು ದಿನ. "ನನ್ನ ಮ್ಯಾನೇಜರ್ ಕೇಳ್ತಾರೆ, ನಿಮ್ಮನೇಲಿ ಯಾರೋ ಜಗಳ ಆಡ್ತಿದ್ದಾರಾ ಅಂತ."

"ಜಗಳ ಅಲ್ಲಮ್ಮ. ಮಣ್ಣಾದೋರ ಪಟ್ಟಿ ಓದ್ತಿದ್ವಿ."

ಮೈಥಿಲಿ ಅವರ ಮುಖ ನೋಡಿ ಇಳಿದುಹೋದಳು. ರಾತ್ರಿ ಊಟಕ್ಕೆ ಅಪರೂಪಕ್ಕೆ ಎಲ್ಲರೂ ಸೇರಿದಾಗ ಮಾತು ಸಂದೀಪನವರೆಗೆ ಹೋಯಿತು.

"ಅಪ್ಪ, ಯಾಕೆ ಬೇಕು ಇದೆಲ್ಲ?" ಎಂದ ಸಂದೀಪ, ಚಪಾತಿ ಮುರಿಯುತ್ತ. "ನೂರು ವರ್ಷ ಆಯ್ತು. ಯಾವನೋ ಬಿಳಿಯ ಬಂದ, ಕೂಲಿ ಹೆಂಗಸನ್ನ ಇಟ್ಕೊಂಡಿದ್ದ, ಸತ್ತ. ಇಷ್ಟೇ ತಾನೆ ಕಥೆ? ಅದನ್ನ ಹೋಗಿ ಹೋಗಿ ಅವರ ಊರಿನವರನ್ನೇ ಕೇಳ್ಬೇಕಾ?"

"ಇಟ್ಕೊಂಡಿರಲಿಲ್ಲ."

"ನಿಮಗೆ ಹೇಗೆ ಗೊತ್ತು?"

"ಇಟ್ಕೊಂಡೋನಾಗಿದ್ರೆ ಹೊನ್ನಜ್ಜಿ ಅವನ ಹೆಸರು ಹೇಳೋಳು. ಗಂಡ ಅಂದ್ಕೊಂಡಿದ್ದಕ್ಕೇ ಹೇಳಲಿಲ್ಲ." ಮರಿಯಪ್ಪನವರ ಕೈ ತಟ್ಟೆಯಲ್ಲಿ ನಿಂತಿತು. "ಅಷ್ಟು ಮರ್ಯಾದೆ ಕೊಟ್ಟಿದ್ದಕ್ಕೆ ಅವನಿಗೆ ಒಂದೆಲೆ ಅನ್ನ ಇಲ್ದಂಗಾಯ್ತಲ್ಲೋ."

ಸಂದೀಪ ಇನ್ನೊಂದು ಚಪಾತಿ ಹಾಕಿಕೊಂಡ. ಶಾಲೆಯಲ್ಲಿ ಅವನ ತಿಳಿಗಣ್ಣು ನೋಡಿ ಹುಡುಗರು ಬೆಕ್ಕು ಎಂದು ರೇಗಿಸುತ್ತಿದ್ದರು. ಅಜ್ಜಿ ಚೆನ್ನಾಜಮ್ಮನ ಕಣ್ಣದು. ಅದು ಎಲ್ಲಿಂದ ಬಂತೆಂದು ಕೇಳಿದವರಿಗೆ ಅವನು ಚಿಕ್ಕಂದಿನಿಂದ ಸುಳ್ಳು ಹೇಳಿಯೇ ಬೆಳೆದಿದ್ದ.

ಮೇ ಕಳೆಯುವ ಹೊತ್ತಿಗೆ ಇಸಬೆಲ್ ಇಬ್ಬರನ್ನು ಹಿಡಿದು ತಂದಳು. ಆ ವರ್ಷಗಳಲ್ಲಿ ಶಿವನಸಮುದ್ರದಲ್ಲಿ ಜ್ವರದಿಂದ ಸತ್ತು ಅಲ್ಲೇ ಮಣ್ಣಾದ ಸ್ಕಾಟ್ಲೆಂಡಿನ ಮೆಕ್ಯಾನಿಕ್‌ಗಳು ಇಬ್ಬರು. ಒಬ್ಬ ಗ್ಲಾಸ್ಗೋದ ರಾಬರ್ಟ್ ಲೆನಾಕ್ಸ್. ಇನ್ನೊಬ್ಬ ಅವಳದೇ ಊರಿನ ಪಕ್ಕದ ಆಂಡ್ರೂ ಬ್ರೆಮ್ನರ್.

"ಇಬ್ಬರಲ್ಲಿ ನಿಮ್ಮವನು ಯಾರು?" ಎಂದಳು ಇಸಬೆಲ್. "ಏನಾದರೂ ಗುರುತು? ನಿಮ್ಮ ತಾಯಿ ಏನಾದರೂ ಹೇಳುತ್ತಿದ್ದರೇ?"

ತಾಯಿ ಹೇಳುತ್ತಿದ್ದದ್ದು ಒಂದೇ, ಅದನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ. ನಮ್ಮಪ್ಪನ ಮನೆ ಅಂಥಿಂಥದ್ದಲ್ಲ, ಎರಡು ಕುದುರೆ ಕಟ್ಟಿದ್ದ ಮನೆ, ಕುದುರೆಗೂ ರಾಜನಿಗೆ ಕಂದಾಯ ಕಟ್ಟಿದ ಮನೆ ಎಂದು ಚೆನ್ನಾಜಮ್ಮ ಆಗಾಗ ಹೇಳಿಕೊಳ್ಳುತ್ತಿದ್ದಳು. ಹೊನ್ನಮ್ಮನಿಂದ ಕೇಳಿದ್ದಂತೆ. ಗಂಡ ಕಾಳಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಭೂಮಿಗೆ ಕಂದಾಯ ಕೇಳಿವ್ನಿ. ಕುದ್ರೆಗೆ ಯಾವ ಸೀಮೇಲಿ ಕಂದಾಯ? ನಾಳಿಕೆ ಕೋಳಿಗೂ ಹಾಕ್ತರೆ" ಎನ್ನುತ್ತಿದ್ದ. ಕೊನೆಕೊನೆಗೆ ಚೆನ್ನಾಜಮ್ಮ ಹೇಳುವುದನ್ನೇ ಬಿಟ್ಟಿದ್ದಳು. ಮರಿಯಪ್ಪನವರೂ ಅಪ್ಪನ ಜೊತೆ ನಕ್ಕವರೇ. ಆದ್ದರಿಂದ ಈಗ ನಾಚಿಕೆಯಿಂದಲೇ ಹೇಳಿದರು.

ಇಸಬೆಲ್ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ಕುದುರೆಗೆ ಕಂದಾಯ ಇತ್ತು" ಎಂದಳು. "ಸಾವಿರದ ಏಳುನೂರ ತೊಂಬತ್ತೇಳರ ಆಸುಪಾಸಿನಲ್ಲಿ. ಯುದ್ಧಕ್ಕೆ ದುಡ್ಡು ಬೇಕಿತ್ತು. ಕಿಟಕಿಗೆ, ಗಡಿಯಾರಕ್ಕೆ, ನಾಯಿಗೆ, ಉಳುವ ಕುದುರೆಗೆ, ಎಲ್ಲಕ್ಕೂ ಹಾಕಿದರು. ಪಟ್ಟಿಗಳು ಉಳಿದಿವೆ."

ಅವತ್ತು ಸಂಜೆ ಮರಿಯಪ್ಪನವರು ಮಾಸ್ಕ್ ಕಟ್ಟಿಕೊಂಡು ಕಾಲುವೆ ದಂಡೆಗೆ ವಾಕಿಂಗ್ ಹೋದರು. ಪಕ್ಕದ ಮನೆಯ ಮುದುಕ ಒಂದೂವರೆ ಮೀಟರ್ ದೂರದಲ್ಲಿ ನಾಯಿ ಹಿಡಿದು ನಿಂತಿದ್ದ. ಅವನಿಗೆ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ ಹೇಳಿದರು.

"ಅದರಲ್ಲೇನು ಆಶ್ಚರ್ಯ?" ಎಂದ ಅವನು. "ಹೇಗ್‌ನಲ್ಲಿರುವ ನನ್ನ ತಂಗಿ ಇವತ್ತಿಗೂ ನಾಯಿಗೆ ತೆರಿಗೆ ಕಟ್ಟುತ್ತಾಳೆ."

ಮನೆಗೆ ಬಂದು ಮರಿಯಪ್ಪನವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅಮ್ಮನ ಮುಂದೆ ನಕ್ಕದ್ದು ನೆನಪಾಗಿತ್ತು.

ಪಟ್ಟಿ ಹುಡುಕಲು ಅಲ್ಲಿನ ಇಡೀ ಬೇಸಿಗೆಯೇ ಬೇಕಾಯಿತು. ಸಂಘದ ಕಚೇರಿ ಮುಚ್ಚಿತ್ತು. ಕಂಪ್ಯೂಟರಿಗೆ ಹಾಕಿದ ಹಳೇ ಹಾಳೆಗಳನ್ನು ಇಸಬೆಲ್ ಅಲ್ಲಿ, ಮರಿಯಪ್ಪ ಇಲ್ಲಿ, ಹಂಚಿಕೊಂಡು ಓದಿದರು. ಆ ಕೈಬರಹ ಮೋಡಿ ಲಿಪಿಗಿಂತ ಕಷ್ಟ. ಕಣ್ಣು ಸೋತಾಗ ಸ್ಮೃತಿ ಬಂದು ಓದಿ ಹೇಳುತ್ತಿದ್ದಳು, ಸ್ವಲ್ಪ ಹೊತ್ತಿಗೆ "ಬೋರಿಂಗ್, ತಾತ" ಎಂದು ಎದ್ದು ಹೋಗುತ್ತಿದ್ದಳು.

ಇನ್ನೊಂದು ಕಡೆ ಮೈಥಿಲಿಗೆ ಈ ವಿಷಯದ ರುಚಿ ಹತ್ತಿತು. ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಫ್ಯಾಮಿಲಿಗೆ ಸ್ಕಾಟಿಷ್ ರೂಟ್ಸ್ ಇದೆ, ಮಾವ ರಿಸರ್ಚ್ ಮಾಡ್ತಿದ್ದಾರೆ" ಎಂದು ಹಾಕಿದಳು. ನೂರು ಜನ ಹೃದಯದ ಚಿತ್ರ ಒತ್ತಿದರು. ಯಾರೋ ಒಬ್ಬರು, ಹಾಗಾದರೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಗಬಹುದೇ ಎಂದೂ ಕೇಳಿದರು.

ಸಂದೀಪ ಅಟ್ಟದಿಂದ ದಡದಡನೆ ಇಳಿದು ಬಂದ. "ಮೈಥಿಲಿ, ಡಿಲೀಟ್ ಮಾಡು ಅದನ್ನ."

"ಯಾಕೆ? ಚೆನ್ನಾಗೇ ಇದೆಯಲ್ಲ. ಅತ್ತೆ ಮನೆ ಕಡೆ ಹೇಳ್ಕೊಳ್ಳೋಕೆ ಇದೊಂದಾದ್ರೂ ಇದೆ."

"ಇದೊಂದಾದ್ರೂ ಅಂದ್ರೆ? ಕಾಳಯ್ಯ, ಮರಿಯಪ್ಪ ಅನ್ನೋ ಹೆಸರೆಲ್ಲ ಹೇಳ್ಕೊಳ್ಳೋ ಹಾಗಿಲ್ವಾ ನಿಂಗೆ?"

"ನಾನು ಹಾಗಂದ್ನಾ? ನೀನೇ ತಾನೇ ನಾಚಿಕೆ ಪಡ್ತಿದ್ದೋನು."

"ಸಾಕು," ಎಂದರು ಮರಿಯಪ್ಪನವರು ಮೆಟ್ಟಿಲ ಮೇಲಿನಿಂದ. "ಒಬ್ಬರಿಗೆ ಅವನು ಅವಮಾನ, ಇನ್ನೊಬ್ಬರಿಗೆ ಅಲಂಕಾರ. ಹಸಿದೋನು ಅಂತ ಯಾರಿಗೂ ಅನ್ನಿಸ್ಲಿಲ್ಲ."

ಮೈಥಿಲಿ ಅತ್ತುಬಿಟ್ಟಳು. ಗುಂಪಿನಿಂದ ಅಳಿಸಿಯೂ ಬಿಟ್ಟಳು.

ಆಗಸ್ಟ್ ಮೊದಲ ಬುಧವಾರ ಇಸಬೆಲ್ ಮುಖ ತೊಳೆದು, ಕೂದಲು ಬಾಚಿ, ಮಣಿಸರ ಹಾಕಿಕೊಂಡು ಕೂತಿದ್ದಳು.

"ಲೆನಾಕ್ಸ್ ಮನೆಯವರು ನೇಕಾರರು. ಅವರ ಹತ್ತಿರ ಕುದುರೆ ಎಂದೂ ಇರಲಿಲ್ಲ. ಈಗ ಇದನ್ನು ನೋಡಿ" ಎಂದು ಒಂದು ಹಾಳೆ ತೋರಿಸಿದಳು. ಆಂಡ್ರೂ ಬ್ರೆಮ್ನರ್, ಒಕ್ಕಲು, ಉಳುವ ಕುದುರೆ ಎರಡು, ಕಂದಾಯ ಸಂದಿದೆ. "ಇವನ ಮಗ ಜಾನ್. ಅವನ ಮಗ ಆಂಡ್ರೂ. ಅವನ ಮಗ ಜಾನ್. ಅವನ ಮಗನೇ ನಿಮ್ಮೂರಿಗೆ ಬಂದ ಆಂಡ್ರೂ. ನಮ್ಮಲ್ಲಿ ತಾತನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುತ್ತಾರೆ. ನಿಮಗೆ ಗೊಂದಲ ಆಗಬಹುದು."

"ಗೊಂದಲ ಏನೂ ಇಲ್ಲ," ಎಂದರು ಮರಿಯಪ್ಪ ತಾತನ ಮೊಮ್ಮಗ ಮರಿಯಪ್ಪನವರು. "ನಮ್ಮ ಮನೆಯಲ್ಲೂ ಹಾಗೇ."

"ಒಂದು ಮಾತು. ಇದು ಕೋರ್ಟಿಗೆ ಸಾಲದು. ಒಂದು ಕುಟುಂಬದ ಕಥೆ, ಒಂದು ಪಟ್ಟಿ, ಅಷ್ಟೆ."

"ಎಡೆಗೆ ಸಾಕು," ಎಂದರು ಇವರು.

ಆ ಕ್ಷಣವೇ ಮಳವಳ್ಳಿಗೆ ಫೋನ್ ಮಾಡಿದರು. ಬಸವಂತಪ್ಪ ಕೆಮ್ಮುತ್ತಲೇ ಎತ್ತಿದ ಕೂಡಲೇ, "ಎಲ್ಲಿಂದ್ಲಾ ಬಂತು ಅಷ್ಟು ಕೆಮ್ಮು?" ಎಂದರು.

"ಎಲ್ಲಾರ್ಗೂ ಇದ್ದದ್ದೆ ಬುಡಣ್ಣ. ಕಸಾಯ ಕುಡುದ್ರೆ ಹೋಯ್ತದೆ. ಏನು?"

ಇವರು ಎಲ್ಲ ಹೇಳಿದರು. ಕುದುರೆ, ಕಂದಾಯ, ಆಂಡ್ರೂ, ಜಾನ್.

"ಹಂಗಾದ್ರೆ ಅವ್ವ ಸುಳ್ಳು ಹೇಳ್ನಿಲ್ಲ."

"ಹೇಳ್ನಿಲ್ಲ."

"ಆಂಡ್ರು. ಆಂಡ್ರು. ಕರಿಯಕ್ಕೆ ಏನೂ ಕಷ್ಟಿಲ್ಲ." ಬಸವಂತಪ್ಪ ಕೆಮ್ಮಿ ಸುಧಾರಿಸಿಕೊಂಡ. "ನೀನು ಪಕ್ಸದ ಹೊತ್ಗೆ ಬಂದ್ಬುಡು. ಈ ಸಲ ಎಲೆ ಹಾಕನ. ಅವ್ವನ ಎಲೆ ಪಕ್ಕದಲ್ಲೇ."

ಅಷ್ಟು ಹೊತ್ತಿಗೆ ವಿಮಾನಗಳು ಅಲ್ಲೊಂದು ಇಲ್ಲೊಂದು ಬಿಟ್ಟಿದ್ದವು. ವಿಸ್ತರಿಸಿದ ವೀಸಾ ಮುಗಿಯುವುದರೊಳಗೆ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಸಂದೀಪ ಟಿಕೆಟ್ ತೆಗೆದ. ಊರಿಗೆ ಹೋದ ಮೇಲೂ ಎರಡು ವಾರ ಯಾರ ಜೊತೆಗೂ ಬೆರೆಯದೆ ಇರಬೇಕೆಂದರು. ಮರಿಯಪ್ಪನವರು ಲೆಕ್ಕ ಹಾಕಿ, ಹೊರಗಿನಿಂದಲೇ ಬಾಗಿಲಲ್ಲಿ ನಿಂತಾದರೂ ಕರೆಯುತ್ತೇನೆ ಎಂದರು. ಆ ಮೇಲೆ ಸಂದೀಪನೂ ಸ್ವಲ್ಪ ಮೆತ್ತಗಾದ. ಒಂದು ಶನಿವಾರ ಮದ್ಯದಂಗಡಿಗೆ ಹೋಗಿ ಸ್ಕಾಟ್ಲೆಂಡಿನದೇ ಒಳ್ಳೆಯ ವಿಸ್ಕಿ ತಂದು ಅಪ್ಪನ ಸೂಟ್‌ಕೇಸಿನ ಮೇಲೆ ಇಟ್ಟ.

"ಎಡೆಗೆ," ಎಂದ. "ಬ್ರಾಂದಿ ಕುಡಿದು ಸಾಕಾಗಿರುತ್ತೆ ಪಾಪ."

ಮರಿಯಪ್ಪನವರು ಅದನ್ನು ಬುಧವಾರ ಇಸಬೆಲ್‌ಗೆ ಹೆಮ್ಮೆಯಿಂದ ತೋರಿಸಿದರು. ಅವಳ ಮುಖ ಸಪ್ಪಗಾಯಿತು.

"ಹೇಗೆ ಹೇಳಲಿ? ಬ್ರೆಮ್ನರ್ ಮನೆಯವರು ಮದ್ಯ ಮುಟ್ಟುತ್ತಿರಲಿಲ್ಲ. ಅವನ ತಂದೆ ಪಾನನಿರೋಧ ಸಭೆಯ ಮುಖ್ಯಸ್ಥ. ಅಣ್ಣತಮ್ಮಂದಿರೆಲ್ಲ ಹದಿನಾರಕ್ಕೇ ಪ್ರತಿಜ್ಞೆ ಮಾಡಿದವರು. ಆಂಡ್ರೂನ ಹೆಸರೂ ಅಲ್ಲಿದೆ."

ದೊರೆ ಎಂದ ಮೇಲೆ ಕುಡಿಯದೆ ಇರುತ್ತಾನೆಯೇ ಎಂದು ಮಳವಳ್ಳಿಯಲ್ಲಿ ಯಾರಿಗೂ ಸಂಶಯವೇ ಬಂದಿರಲಿಲ್ಲ. ಅಮ್ಮ ಬದುಕಿರುವವರೆಗೂ, ಕುಡಿಯದವನ ಮುಂದೆ ವರ್ಷ ವರ್ಷ ಬ್ರಾಂದಿ ಇಟ್ಟು, ಅವನು ಬಂದು ಕುಡಿದನೆಂದು ನೆಮ್ಮದಿಯಾಗಿ ಬಾಗಿಲು ತೆಗೆದಿದ್ದಳು. ಮರಿಯಪ್ಪನವರಿಗೆ ನಗು ಬಂತು. ಆ ಮನೆಗೆ ಬಂದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರಾಡಿ, ಅದು ನಿಲ್ಲದೆ ಹೋಯಿತು. ಸ್ಮೃತಿ ಬಾಗಿಲಲ್ಲಿ ಇಣುಕಿ, "ಅಮ್ಮ, ತಾತ ಈಸ್ ಕ್ರೈಯಿಂಗ್" ಎಂದು ಕೂಗಿದಳು. ಮೈಥಿಲಿ ಕಾಲ್ ಬಿಟ್ಟು ಮೇಲೆ ಬಂದಳು. ಏನು ಕೇಳಬೇಕೋ ತಿಳಿಯದೆ ಒಂದು ಲೋಟ ಕಾಫಿ ಮಾಡಿಕೊಟ್ಟು, ಅಲ್ಲೇ ಇಸ್ತ್ರಿ ಮಣೆಗೆ ಒರಗಿ ನಿಂತಳು.

"ಮತ್ತೆ ಏನು ಇಡೋದು ಮಾವ?" ಎಂದಳು. "ಅವರಿಗೆ ಏನು ಇಷ್ಟ ಅಂತ ಇಸಬೆಲ್ ಅವರನ್ನೇ ಕೇಳಿ."

ಓಟ್ಸ್ ಗಂಜಿ, ಹುರಿದ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ, ಎಂದಳು ಇಸಬೆಲ್. ಆ ಕಡಲತೀರದಲ್ಲಿ ಎಲ್ಲರೂ ತಿನ್ನುತ್ತಿದ್ದದ್ದು ಅದೇ.

ಆಗಸ್ಟ್ ಕೊನೆಯಲ್ಲಿ ಬಸವಂತಪ್ಪನನ್ನು ಆಸ್ಪತ್ರೆಗೆ ಸೇರಿಸಿದರು. ಅವನ ಮಗ ಪ್ರಕಾಶ ದಿನಾ ಫೋನ್ ಮಾಡುತ್ತಿದ್ದ. ಆಕ್ಸಿಜನ್ ಹಾಕವ್ರೆ ದೊಡ್ಡಪ್ಪ, ಇವತ್ತು ಪರವಾಗಿಲ್ಲ ದೊಡ್ಡಪ್ಪ, ಗಂಜಿ ಕುಡುದ್ರು ದೊಡ್ಡಪ್ಪ. ನಾಲ್ಕನೆಯ ದಿನ ಪ್ರಕಾಶನ ಫೋನ್ ಬೆಳಗಿನ ತಿಂಡಿಯ ಹೊತ್ತಿಗೇ ಬಂತು. ಅವನು ಬರೀ ಅತ್ತ.

ಮಣ್ಣು ಮಾಡುವುದನ್ನು ಫೋನಿನಲ್ಲಿ ತೋರಿಸಿದರು. ಬಿಳಿ ಕವಚ ಹಾಕಿದ ನಾಲ್ಕು ಜನ, ಜೆಸಿಬಿ ತೆಗೆದ ಗುಂಡಿ, ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ಗಂಟು. ಮರಿಯಪ್ಪನವರು ಕಿರುಕೋಣೆಯಲ್ಲಿ ನಿಂತು ಕೈಮುಗಿದರು. ಸಂದೀಪ ಪಕ್ಕದಲ್ಲಿ ನಿಂತಿದ್ದ. ನಡುವೆ ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿತು. ಮತ್ತೆ ಬಂದಾಗ ಮಣ್ಣು ಮುಚ್ಚಿಯಾಗಿತ್ತು.

ಕೆಲವು ದಿನ ಬಿಟ್ಟು ಪ್ರಕಾಶ ಮಾತಾಡಿದ. "ದೊಡ್ಡಪ್ಪ, ಈ ವರ್ಸ ಪಕ್ಸ ಇಲ್ಲ. ಸಾವಾದ ಮನೆ. ವರ್ಸ ತುಂಬೋಗಂಟ ಎಡೆ ಇಡಂಗಿಲ್ಲ ಅಂದ್ರು ಎಲ್ರೂವೆ."

"ಗೊತ್ತು ಮಗ."

"ಆ ದೊರೆ ಎಲೆ ಇಸ್ಯ ಅಪ್ಪ ಹೇಳಿದ್ರು ಆಸ್ಪತ್ರೇಲಿ. ನಂಗೆ ಹೆಸರು ಗ್ಯಾಪ್ನಕ್ಕೆ ಬತ್ತಿಲ್ಲ."

"ಆಂಡ್ರು," ಎಂದರು ಮರಿಯಪ್ಪನವರು. ಆಮೇಲೆ ಫೋನ್ ಇಟ್ಟು ಊಟ ಬಿಟ್ಟರು. ಮೈಥಿಲಿ ತಟ್ಟೆ ತಂದು ಬಾಗಿಲ ಬಳಿ ಇಟ್ಟರೆ ಹಾಗೇ ವಾಪಸು ಹೋಗುತ್ತಿತ್ತು. ಹೆಸರು ಸಿಕ್ಕಿತ್ತು. ಆದರೆ ಆ ಹೆಸರು ಯಾರಿಗಾಗಿ ಹುಡುಕಿದರೋ ಆ ಅಮ್ಮ ಇರಲಿಲ್ಲ, ಯಾರು ಕೇಳಿದ್ದರೋ ಆ ತಮ್ಮನೂ ಇಲ್ಲ. ಅಮ್ಮ ಎಲೆ ಹಾಕುತ್ತಿದ್ದದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ.

ಬುಧವಾರ ಅವರು ಕಂಪ್ಯೂಟರ್ ತೆರೆಯಲಿಲ್ಲ. ಇಸಬೆಲ್ ಸ್ಮೃತಿಯ ಮೇಲ್‌ಗೆ ಬರೆದು ವಿಚಾರಿಸಿದಳು. ಸ್ಮೃತಿ ಕೋಣೆಗೆ ಬಂದು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟು ಹೋದಳು.

ಇವರು ವಿಷಯ ಹೇಳಿದರು. ಪಕ್ಷ ಶುರುವಾಗಿದೆ, ಮುಂದಿನ ವಾರ ಊರಿಗೂ ಹೋಗುತ್ತೇನೆ, ಆದರೆ ನಮ್ಮದು ಸಾವಾದ ಮನೆ, ನಾನಾಗಲಿ ನನ್ನ ಮಗನಾಗಲಿ ಈ ವರ್ಷ ಎಡೆ ಇಡುವಂತಿಲ್ಲ, ಮುಂದಿನ ವರ್ಷಕ್ಕೆ ನಾನಿದ್ದರೆ ನೋಡೋಣ ಎಂದರು.

ಇಸಬೆಲ್ ಎಲ್ಲ ಕೇಳಿಸಿಕೊಂಡು, "ಈ ನಿಯಮ ನನಗೂ ಇದೆಯೇ?" ಎಂದಳು.

"ನಿಮಗೆ ಯಾಕೆ? ನೀವು ನಮ್ಮ ಸಂಬಂಧಿಕರಲ್ಲ."

"ಬ್ರೆಮ್ನರ್‌ಗಳಿಗೂ ನಾನು ಸಂಬಂಧಿಕಳಲ್ಲ. ಹುಡುಕಿ ನೋಡಿದ್ದೇನೆ," ಎಂದಳು. "ಅವನ ಊರಿನವಳು ಅಷ್ಟೆ. ಊರಿನವರು ಒಂದು ತಟ್ಟೆ ಇಟ್ಟರೆ ಆಗದೇ?"

ಮರಿಯಪ್ಪನವರು ಯೋಚಿಸಿದರು. ಆಗುವುದಿಲ್ಲ ಎಂದು ಹೇಳಿದವರು ಯಾರೂ ಅವರಿಗೆ ನೆನಪಾಗಲಿಲ್ಲ.

ಭಾನುವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದರು. ಮೈಥಿಲಿ ಊಟದ ಮೇಜಿನಿಂದ ತನ್ನ ಪರದೆ, ವೈರು ಎಲ್ಲ ತೆಗೆದು ಲ್ಯಾಪ್‌ಟಾಪ್ ಇಡಲು ಜಾಗ ಮಾಡಿದಳು. ಸಂದೀಪ ಅಟ್ಟದಿಂದ ಇಳಿದು ಬಂದು ಗೋಡೆಗೆ ಒರಗಿ ನಿಂತ. ಕಿವಿಯಲ್ಲಿ ಏನೂ ಇರಲಿಲ್ಲ.

ಪರದೆಯಲ್ಲಿ ಇಸಬೆಲ್‌ಳ ಅಡುಗೆಮನೆ. ಕಿಟಕಿ, ಅದರಾಚೆ ಬೂದಿ ಬಣ್ಣದ ಸಮುದ್ರ. ಮೇಜಿನ ಮೇಲೆ ಒಳ್ಳೆಯ ಪಿಂಗಾಣಿ ತಟ್ಟೆಯಲ್ಲಿ ಗಂಜಿ, ಮೀನು, ಆಲೂಗಡ್ಡೆ, ಪಕ್ಕದಲ್ಲಿ ಒಂದು ಲೋಟ ಹಾಲು. ಮೇಣದ ಬತ್ತಿ ಹಚ್ಚಿದ್ದಳು.

"ಏನೆಂದು ಕರೆಯಬೇಕು?"

"ನಿಮ್ಮ ಮಾತಲ್ಲೇ ಕರೀರಿ. ಅವನಿಗೆ ಕನ್ನಡ ಅಷ್ಟು ಬರ್ತಿರಲಿಲ್ಲವಂತೆ."

ಇಸಬೆಲ್ ಮೇಜು ಹಿಡಿದು ನಿಂತಳು. ಮೊದಲು ಗಂಟಲು ಸರಿಮಾಡಿಕೊಂಡಳು. ಆಮೇಲೆ ಆಂಡ್ರೂ ಬ್ರೆಮ್ನರ್ ಎಂದು ಪೂರ್ತಿ ಹೆಸರು ಹಿಡಿದು, ತನ್ನೂರಿನ ಮಾತಿನಲ್ಲಿ ಇನ್ನೇನೋ ಸೇರಿಸಿ ಕರೆದಳು. ಇವರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಹೊತ್ತು ಮೀರಿದರೂ ಹೊಲದಿಂದ ಬಾರದವನನ್ನು ಹಿತ್ತಲಲ್ಲಿ ನಿಂತು ಕೂಗುವ ಧಾಟಿಯೆಂದು ನಾಲ್ವರಿಗೂ ತಿಳಿಯಿತು.

"ಈಗ ಆಚೆ ಹೋಗಿ ಬಾಗಿಲು ಹಾಕ್ಕೊಳ್ಳಿ," ಎಂದರು ಮರಿಯಪ್ಪನವರು.

ಅವಳು ಹೋದಳು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಪರದೆಯಲ್ಲಿ ತಟ್ಟೆಯೂ ಖಾಲಿ ಕುರ್ಚಿಯೂ ಮಾತ್ರ.

"ತಾತ, ನಾವು ನೋಡಬಾರದಲ್ವಾ?" ಎಂದಳು ಸ್ಮೃತಿ ಪಿಸುದನಿಯಲ್ಲಿ, ಕನ್ನಡದಲ್ಲೇ.

ಅವರು ಲ್ಯಾಪ್‌ಟಾಪನ್ನು ಗೋಡೆಯ ಕಡೆ ತಿರುಗಿಸಿದರು. ನಾಲ್ವರೂ ಅದಕ್ಕೆ ಬೆನ್ನು ಮಾಡಿ ನಿಂತರು. ಮೈಥಿಲಿಯ ಫೋನ್ ಒಮ್ಮೆ ಗುಂಯ್ ಎಂದಿತು, ಅವಳು ಅದನ್ನು ಆರಿಸಿದಳು. ಹೊರಗೆ ಯಾರದೋ ಸೈಕಲ್ ಗಂಟೆ ಕೇಳಿಸಿತು.

ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಬಾಗಿಲು ತೆರೆದ ಸದ್ದಾಗಿ ಇಸಬೆಲ್‌ಳ ದನಿ ಬಂತು. "ಮಿಸ್ಟರ್ ಮರಿಯಪ್ಪ, ಆಯಿತೇ? ಇನ್ನೊಂದು ತಟ್ಟೆ ಇದೆ, ಗಂಜಿಯೂ ಇದೆ. ನಿಮ್ಮ ತಮ್ಮನನ್ನೂ ಕರೆಯಲೇ?"

ಮರಿಯಪ್ಪನವರು ಲ್ಯಾಪ್‌ಟಾಪನ್ನು ತಿರುಗಿಸಿಕೊಂಡರು.

"ಬೇಡ," ಎಂದರು. "ಅವನಿಗೆ ವರ್ಷ ತುಂಬಿಲ್ಲ. ತುಂಬೋವರೆಗೆ ಕರೆಯೋ ಹಾಗಿಲ್ಲ."

ಹೇಳಿದ ಮೇಲೆ ಅವರಿಗೆ ಆ ಮಾತಿನ ಭಾರ ತಿಳಿಯಿತು. ಒಮ್ಮೆಯೂ ಕಾಣದ, ನೂರು ವರ್ಷದ ಹಿಂದೆ ಹೋದವನನ್ನು ಕರೆಯಬಹುದು. ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವನನ್ನು, ಮೊನ್ನೆ ಮೊನ್ನೆ ಫೋನಿನಲ್ಲಿ ಕೆಮ್ಮಿದವನನ್ನು ಕರೆಯುವಂತಿಲ್ಲ. ಇಸಬೆಲ್‌ಗೆ ಕೈಮುಗಿದು ಪರದೆ ಮುಚ್ಚಿದರು. ಮುಚ್ಚಿದ ಮೇಲೂ ಅದರ ಮುಂದೆಯೇ ಕೂತರು.

ಮೈಥಿಲಿ ನಾಲ್ಕು ತಟ್ಟೆ ತಂದಳು. ಸಾರು ಬಿಸಿ ಮಾಡಿದ್ದಳು. ಸ್ಮೃತಿ ನೀರು ಇಟ್ಟಳು.

"ಅಪ್ಪ, ಊಟಕ್ಕೆ ಬನ್ನಿ," ಎಂದ ಸಂದೀಪ.

"ನೀವು ಮಾಡಿ. ನಾನು ಆಮೇಲೆ ಬಡಿಸ್ಕೊತೀನಿ," ಎಂದರು ಅವರು, ಆರು ತಿಂಗಳಿಂದ ಹೇಳಿ ರೂಢಿಯಾದ ಹಾಗೆ.

ಸಂದೀಪ ಕೂರಲಿಲ್ಲ. ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತ.

"ಹೆಸರು ಹಿಡಿದು ಕರೆಯೋವರೆಗೂ ಕಾಯ್ತೀರಾ ಅಪ್ಪ?" ಎಂದ. "ಅಪ್ಪ ಅಂದಾಗ್ಲೇ ಬನ್ನಿ."

ಮರಿಯಪ್ಪನವರು ಎದ್ದು ಕೈ ತೊಳೆಯಲು ಹೋದರು.